ಆಕ್ಟೇನ್ ಬೂಸ್ಟರ್ ಹಾಕಿದ್ರ ಪಿಕಪ್ ಬರ್ತದೇನಣ್ಣಾ? ಎಲ್ಲರೂ ಕೇಳೋ ಪ್ರಶ್ನಿಗಿ ನನ್ನ ಉತ್ತರ

ಕಲಬುರಗಿಯಾಗ ನಂದು ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಅದ. ಬ್ರೇಕ್ ಪ್ಯಾಡ್, ಬೆಲ್ಟ್, ಫಿಲ್ಟರ್ ಅಂತ ಬಂದವರು ಬಿಲ್ ಮಾಡ್ಸೋ ಹೊತ್ತಿಗಿ ಒಂದು ಮಾತು ಕೇಳೇ ಕೇಳ್ತಾರ, "ಅಣ್ಣಾ, ಆ ಆಕ್ಟೇನ್ ಬೂಸ್ಟರ್ ಬಾಟ್ಲಿ ಬರ್ತದಲ್ಲ, ಟ್ಯಾಂಕಿಗಿ ಹಾಕಿದ್ರ ಪಿಕಪ್ ಬರ್ತದೇನು, ಆವರೇಜ್ ಏರ್ತದೇನು?" ಅಂತ. ದಿನಾ ಆಫೀಸು, ಬಾಜಾರ, ವಾರಕ್ಕೊಮ್ಮೆ ಊರಿಗಿ ಹೋಗೋ ಸಾದಾ ಕಾರಿಗಿ ಏನೂ ಬರಂಗಿಲ್ಲ. ಇಷ್ಟೇ ಹೇಳಿದ್ರ ಯಾರೂ ನಂಬಂಗಿಲ್ಲ, ಯೂಟ್ಯೂಬ್‌ದಾಗ ಬ್ಯಾರೇನೇ ನೋಡಿ ಬಂದಿರ್ತಾರ, ಅದಕ್ಕ ಇವತ್ತು ಕುಂತು ಪೂರಾ ಬರಿಲಿಕತ್ತೀನಿ.

ಆಕ್ಟೇನ್ ಅಂದ್ರ ಪೆಟ್ರೋಲಿನ ತಾಕತ್ತಲ್ರಿ. ಎಷ್ಟು ಒತ್ತಿದ್ರೂ, ಎಷ್ಟು ಕಾಯ್ಸಿದ್ರೂ ತಾನಾಗಿ ಹತ್ತಿಕೊಳ್ಳದಂಗ ತಡಕೊಳ್ಳೋ ಗುಣ ಅದು. ಈಗಿನ ಕಾರಿನ ಎಂಜಿನ್ ಒಳಗ ಗಾಳಿ-ಪೆಟ್ರೋಲ್ ಮಿಶ್ರಣ ಹತ್ತರಾಗ ಒಂದು ಪಾಲು ಜಾಗಕ್ಕ ಒತ್ತಿ ಬೀಳ್ತದ, ಒತ್ತಿದ ಕೂಡ್ಲೇ ಕಾಯ್ತದ, ಆಮ್ಯಾಲ ಪ್ಲಗ್ ಕಿಡಿ ಹಾರ್ಸ್ತದ, ಬೆಂಕಿ ಅಲ್ಲಿಂದ ಶುರುವಾಗಿ ಒಂದು ಕಡಿಂದ ಇನ್ನೊಂದು ಕಡಿಗಿ ಹಬ್ಬಬೇಕು. ಮೂಲ್ಯಾಗ ಉಳದ ಮಿಶ್ರಣ ತನ್ನ ಪಾಳಿ ಬರೋತನಕ ಕಾಯಬೇಕು. ಕಾಯದೇ ಢಬ್ ಅಂತ ತಾನೇ ಹತ್ತಿತಂದ್ರ ಅದೇ ನಾಕಿಂಗ್. ಏರಿನ್ಯಾಗ ಮೂರನೇ ಗೇರ್‌ದಾಗ ಏಸಿ ಹಾಕ್ಕೊಂಡು ಆಕ್ಸಿಲರೇಟರ್ ಒತ್ತಿದಾಗ ತಗಡಿನ ಡಬ್ಬ್ಯಾಗ ತೊಗರಿಕಾಳು ಹಾಕಿ ಅಲ್ಲಾಡ್ಸಿದಂಗ ಸಪ್ಪಳ ಬರ್ತದಲ್ಲ, ಅದು.

91 ಆಕ್ಟೇನ್ ಅಂದ್ರ, ಪರೀಕ್ಷಾ ಎಂಜಿನ್ನಿನ್ಯಾಗ ಆ ಪೆಟ್ರೋಲು 91 ಪಾಲು ಐಸೋಆಕ್ಟೇನ್ (ಭಾಳ ತಡಕೊಳ್ಳೋದು), 9 ಪಾಲು ಹೆಪ್ಟೇನ್ (ಲಗೂ ಹತ್ತಿಕೊಳ್ಳೋದು) ಕೂಡ್ಸಿದ ಮಿಶ್ರಣದಷ್ಟೇ ತಡಕೋತದ ಅಂತ ಅರ್ಥ. ಹಂಗಾದ್ರ ನಿಮ್ಮ ಎಂಜಿನ್ 91ಕ್ಕೇ ಸಪ್ಪಳ ಮಾಡದೆ ಓಡ್ತಿದ್ರ 97 ಹಾಕಿ ಮಾಡೋದೇನು? ಪೆಟ್ರೋಲಿನ್ಯಾಗಿನ ಶಾಖ ಅಷ್ಟೇ ಇರ್ತದ, ಕಿಡಿ ಬೀಳೋ ಹೊತ್ತೂ ಅದೇ ಇರ್ತದ.

ಟರ್ಬೋ (ಎಂಜಿನ್ನಿಗಿ ಗಾಳಿ ಒತ್ತಿ ತುಂಬೋದು) ಇದ್ದ ಗಾಡಿ, ಕಂಪ್ರೆಷನ್ ಅಂದ್ರ ಮಿಶ್ರಣ ಒತ್ತೋದು ಹೆಚ್ಚಿದ್ದ ಗಾಡಿ ಇವುಗಳ ಮಾತು ಬ್ಯಾರೆ. ಎಂಜಿನ್ ಬ್ಲಾಕಿಗಿ ನಾಕ್ ಸೆನ್ಸರ್ ಅಂತ ಒಂದು ಕೂಡಿಸಿರ್ತಾರ, ಅದು ಡಾಕ್ಟರ್ ಸ್ಟೆಥೋಸ್ಕೋಪ್ ಹಿಡಿದಂಗ ಎಂಜಿನ್ ಸಪ್ಪಳ ಕೇಳ್ತಾ ಇರ್ತದ, ನಾಕ್ ಆಗೋ ಸೂಚನೆ ಸಿಕ್ರ ಈಸಿಯು, ಅಂದ್ರ ಎಂಜಿನ್ ನಡೆಸೋ ಕಂಪ್ಯೂಟರ್, ಕಿಡಿ ಬೀಳೋದನ್ನ ಸ್ವಲ್ಪ ತಡಾ ಮಾಡ್ತದ, ಆಗ ಎಳೆಯೋ ಜೋರು ಕಮ್ಮಿ ಆಗ್ತದ. ಅಂಥಾ ಗಾಡಿಗಿ 95 ಹಾಕಿದ್ರ ಕಳಕೊಂಡಿದ್ದು ವಾಪಸ್ ಬರಬಹುದು. ನಿಮ್ಮ ಗಾಡಿಗಿ ಏನು ಬೇಕಂತ ಪೆಟ್ರೋಲ್ ಮುಚ್ಚಳದ ಒಳಗ ಇಲ್ಲಾ ಮ್ಯಾನುಯಲ್‌ದಾಗ ಬರೆದಿರ್ತದ, ಮೊದ್ಲು ಅದನ್ನ ಓದ್ರಿ. 95 ಅಂತ ಇದ್ರ ಪಂಪಿಗಿ ಹೋಗಿ ಅಷ್ಟು ಆಕ್ಟೇನ್ ಇರೋ ಪೆಟ್ರೋಲೇ ಹಾಕ್ಸ್ರಿ, ಬಾಟ್ಲಿ ಬ್ಯಾಡ. ಯಾಕಂದ್ರ ಬಾಟ್ಲಿ ಮ್ಯಾಲ "30 ಪಾಯಿಂಟ್ ಏರ್ತದ" ಅಂತ ದೊಡ್ಡದಾಗಿ ಬರೆದಿದ್ದು ನೋಡಿ ಹುಡುಗರು 91 ಹೋಗಿ 121 ಆಗ್ತದ ಅಂತ ತಿಳ್ಕೋತಾರ. ಆ ಲೆಕ್ಕದಾಗ ಒಂದು ಪಾಯಿಂಟ್ ಅಂದ್ರ 0.1 ಆಕ್ಟೇನ್. 30 ಪಾಯಿಂಟ್ ಅಂದ್ರ ಬರೇ 3. ಹೇಳಿದಷ್ಟು ಪೂರಾ ಏರಿದ್ರೂ 94.

ಈಗ ಅಸಲಿ ಮಾತಿಗಿ ಬರ್ತೀನಿ. ಈ ಪ್ರಶ್ನಿ ಕೇಳೋರು ಇತ್ತೀಚಿಗಿ ಭಾಳ ಆಗ್ಯಾರ, ಯಾಕಂದ್ರ ಇ-20 (20 ಪರ್ಸೆಂಟ್ ಎಥನಾಲ್ ಕೂಡ್ಸಿದ ಪೆಟ್ರೋಲ್) ಬಂದ ಮ್ಯಾಲ ಆವರೇಜ್ ಇಳದಾದ ಅಂತ ಅವರಿಗಿ ಅನಿಸ್ಯಾದ, ಪೆಟ್ರೋಲ್ "ವೀಕ್" ಆಗ್ಯಾದ, ಅದಕ್ಕ ಟಾನಿಕ್ ಬೇಕು ಅಂತ ಬಾಟ್ಲಿ ಹುಡಕ್ತಾರ. ಅವರ ಸಂಕಟ ಖರೇ ಅದ, ನಾನು ಸುಳ್ಳು ಅನ್ನಂಗಿಲ್ಲ. ಆದ್ರ ಔಷಧ ತಪ್ಪು. ಎಥನಾಲಿನ ಆಕ್ಟೇನ್ 108ರ ಮ್ಯಾಲ ಅದ, ಅದನ್ನ ಕೂಡ್ಸಿದ್ರ ಪೆಟ್ರೋಲಿನ ಆಕ್ಟೇನ್ ಏರ್ತದ. ಬಿಎಸ್ ಅಂದ್ರ ಗಾಡಿ ಹೊಗಿಗಿ ಸರ್ಕಾರ ಹಾಕಿದ ಮಿತಿ, ಬಿಎಸ್-2 ಕಾಲದಾಗ 88 ಇದ್ದ ಸಾದಾ ಪೆಟ್ರೋಲು ಬಿಎಸ್-6ಕ್ಕ 91 ಆಯ್ತು, 20 ಪರ್ಸೆಂಟ್ ಎಥನಾಲ್ ಕೂಡ್ಸಿದ ಮ್ಯಾಲ 95ಕ್ಕ ಬಂದಾದ ಅಂತ ಪೆಟ್ರೋಲಿಯಂ ಸಚಿವಾಲಯನೇ 2025ರಾಗ ಹೇಳ್ಯಾದ. ಅಂದ್ರ ಬಾಟ್ಲಿ ಕೊಡ್ತೀನಿ ಅಂದಿದ್ದಕ್ಕಿಂತ ಹೆಚ್ಚು ಪಂಪಿನ ಪೈಪಿನ್ಯಾಗೇ ಬರ್ಲಿಕತ್ಯಾದ. ಕಮ್ಮಿ ಆಗಿದ್ದು ಶಾಖ. ಒಂದು ಲೀಟರ್ ಎಥನಾಲಿನ್ಯಾಗ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಾಖ ಕಮ್ಮಿ, ಹಂಗಾಗಿ ಎಥನಾಲ್ ಇಲ್ಲದ ಪೆಟ್ರೋಲಿಗಿ ಹೋಲಿಸಿದ್ರ ಇ-20 ಲೀಟರಿಗಿ ನೂರರಾಗ ಆರೇಳು ಪಾಲು ಕಮ್ಮಿ. ಟ್ಯಾಂಕಿಗಿ ಹಾಕೋ ಯಾವ ಬಾಟ್ಲೀನೂ ಆ ಶಾಖ ತಿರುಗಿ ತಂದು ಕೊಡಂಗಿಲ್ಲ.

ಇನ್ನು ಖರೇನೇ ನಾಕಿಂಗ್ ಇದ್ದವರ ಮಾತು. ನಮ್ಮ ಕಡಿ ಬ್ಯಾಸಗಿ 42, 43 ಡಿಗ್ರಿ, ಎಂಜಿನ್ ಉಸಿರಾಡೋ ಗಾಳೀನೇ ಬೆಂಕಿ ಇದ್ದಂಗ ಇರ್ತದ, ನಾಕ್ ಆಗ್ಲಿಕ್ಕ ಭಾಳ ಹೊತ್ತು ಬೇಕಾಗಂಗಿಲ್ಲ. ಹೋದ ಬ್ಯಾಸಗ್ಯಾಗ ಸೇಡಂ ಕಡಿಂದ ಒಬ್ಬರು ಕಾಕಾ ಹಳೇ ಕಾರ್ ತಗೊಂಡು ಬಂದ್ರು, ಕಮಲಾಪುರ ದಾಟಿ ಹುಮನಾಬಾದ್ ಕಡಿ ಏರು ಹತ್ತುವಾಗ ಸಪ್ಪಳ ಬರ್ತದ, ಎರಡು ತಿಂಗಳದಿಂದ ಬೂಸ್ಟರ್ ಹಾಕ್ಲಿಕತ್ತೀನಿ, ಇನ್ನಾ ಜೋರಿಂದು ಕೊಡಪಾ ಅಂದ್ರು. ಬಾಜೂಕ ಇರೋ ಮೆಕ್ಯಾನಿಕ್‌ಗ ಕರೆದು ಪ್ಲಗ್ ಬಿಚ್ಚಿಸಿದ್ರ ನಾಲ್ಕೂ ಇಟ್ಟಂಗಿ ಬಣ್ಣ. ಕೆಲವು ಬೂಸ್ಟರಿನ್ಯಾಗ ಮ್ಯಾಂಗನೀಸ್ ಇಲ್ಲಾ ಕಬ್ಬಿಣದ ಅಂಶ ಇರ್ತದ, ಸುಟ್ಟ ಮ್ಯಾಲ ಅದು ಕೆಂಪಗ ಪ್ಲಗ್ ಮ್ಯಾಲೇ ಕೂಡ್ತದ, ಕಿಡಿ ತಪ್ತದ, ಮುಂದಕ್ಕ ಸೈಲೆನ್ಸರ್ ಪೈಪಿನ್ಯಾಗ ಹೊಗಿ ಸಾಫ್ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಮೆತ್ತಿಕೋತದ, ಅದು ಹೋದ್ರ ಸಾವಿರಗಟ್ಟಲೆ ಖರ್ಚು.

ಆದ್ರ ಸಪ್ಪಳದ ಮೂಲ ಅದಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ್ರ ಒಳಗ ಬಿಳಿ ಪದರ ಕಟ್ಟಿತ್ತು. ಎಂಜಿನ್ ತಣ್ಣಗ ಇಡೋ ಕೂಲಂಟ್ ಬದ್ಲಿ ಬೋರಿನ ನೀರು ಹಾಕ್ತಾ ಬಂದಿದ್ರು. ಸೇಡಂ, ಶಹಾಬಾದ, ವಾಡಿ ಎಲ್ಲಾ ಸುಣ್ಣಗಲ್ಲಿನ ನೆಲ, ಅದಕ್ಕೇ ಅಲ್ಲೆಲ್ಲಾ ಸಿಮೆಂಟ್ ಫ್ಯಾಕ್ಟರಿ ಬಂದಾವ, ಆ ನೆಲದ ನೀರು ಕುಡಿಯೋ ಬಿಂದಿಗ್ಯಾಗೇ ಬಿಳಿ ಕರೆ ಹಿಡಿಸ್ತದ, ಕಾದ ಎಂಜಿನ್ನಿನ್ಯಾಗ ಬಿಡ್ತದೇನು? ನೀರು ಸರಿ ತಿರುಗದೆ ಎಂಜಿನ್ ಕಾಯ್ತು, ಕಾದ ಎಂಜಿನ್ ನಾಕ್ ಮಾಡ್ತು, ಕಾಕಾ ಪೆಟ್ರೋಲಿಗಿ ಔಷಧ ಹಾಕಿದ್ರು. ರೇಡಿಯೇಟರ್ ಸಾಫ್ ಮಾಡ್ಸಿ, ಕೂಲಂಟ್ ಹಾಕಿ, ನಾಲ್ಕು ಹೊಸ ಪ್ಲಗ್ ಕೂಡ್ಸಿದ್ವಿ, ಮುಂದಿನ ವಾರ ಬೀದರಿಗಿ ಹೋಗಿ ಬಂದು ಫೋನ್ ಮಾಡಿ ಸಪ್ಪಳ ಇಲ್ಲಪಾ ಅಂದ್ರು.

ಡೀಸೆಲ್ ಗಾಡಿಯವರೂ ಕೇಳ್ತಾರ. ಡೀಸೆಲ್ ತಾನಾಗೇ ಹತ್ತಬೇಕು, ತಡಕೊಂಡು ಕೂಡಬಾರದು, ಅದಕ್ಕ ಈ ಬಾಟ್ಲಿ ಹಾಕಲೇಬ್ಯಾಡ್ರಿ. ಸೀಮೆಎಣ್ಣಿ ಬಿದ್ದ ಪೆಟ್ರೋಲೂ ನಾಕ್ ಮಾಡ್ತದ, ಅಂಥ ಅನುಮಾನ ಬಂದ್ರ ಪಂಪ್ ಬದಲಿ ಮಾಡ್ರಿ.

ನನ್ನ ಅಂಗಡ್ಯಾಗ ಈ ಬಾಟ್ಲಿ ಇಡೋದು ಬಿಟ್ಟೀನಿ. ಗಾಡಿ ಎಳಿತಿಲ್ಲ, ಸಪ್ಪಳ ಬರ್ತದ ಅಂದ್ರ ಹಳೇ ಪ್ಲಗ್ ಬಿಚ್ಚಿಸಿ ಪೇಪರಿನ್ಯಾಗ ಸುತ್ಕೊಂಡು ಬರ್ರಿ, ಯಾವ ಸಿಲಿಂಡರಿಂದು ಯಾವದು ಅಂತ ನಂಬರ್ ಹಾಕಿರ್ರಿ, ಏರ್ ಫಿಲ್ಟರೂ ತರ್ರಿ. ಮಸಿ ಅದನೋ, ಕೆಂಪದನೋ, ಬಿಳಿಯಾಗಿ ಸುಟ್ಟಾದನೋ ನೋಡಿ ಹೇಳ್ತೀನಿ, ರೊಕ್ಕ ಬ್ಯಾಡ.