ಮೇಷ್ಟ್ರ ಮೊಬೈಲಿಗೆ ಬಂದ ಮೆಸೇಜು

ನಿನ್ನೆ ಸಂಜೆ ತಿಪಟೂರಿನ ನನ್ನ ರಿಪೇರಿ ಅಂಗಡಿಗೆ ಬಂದ ನಿವೃತ್ತ ಮೇಷ್ಟ್ರು ಮೊಬೈಲನ್ನು ನನ್ನ ಮುಂದೆ ಹಿಡಿದರು. "ಕಳ್ಳರದ್ದೇ ತಾನೇನಪ್ಪಾ ಇದು? ಅಳಿಸಿಬಿಡ್ಲಾ?"

ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಹೆಸರಲ್ಲಿ ಬಂದ ಮೆಸೇಜು. ಬಾಟ್, ಅಂದರೆ ಗೊತ್ತಿಲ್ಲದಂತೆ ಒಳಗೆ ಸೇರಿ ಕಳ್ಳರ ಮಾತು ಕೇಳುವ ತಂತ್ರಾಂಶ, ಅದನ್ನು ತೆಗೆಯುವ ಟೂಲ್ ಉಚಿತ, ಸೈಬರ್ ಸ್ವಚ್ಛತಾ ಕೇಂದ್ರದ ತಾಣದಿಂದ ಇಳಿಸಿಕೊಳ್ಳಿ ಅಂತಿತ್ತು. ಕೇಂದ್ರ ನಿಜವಾದದ್ದೇ, 2017ರ ಫೆಬ್ರವರಿಯಲ್ಲಿ ಶುರುವಾದದ್ದು. ಯಾವುದಾದರೂ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಸೋಂಕಿನ ಸುಳಿವು ಸಿಕ್ಕರೆ ಇಂಟರ್ನೆಟ್ ಕಂಪನಿಗೆ ತಿಳಿಸುತ್ತಾರೆ, ಕಂಪನಿ ಗ್ರಾಹಕರಿಗೆ ಹೇಳುತ್ತದೆ.

ಇಷ್ಟು ವಿವರಿಸಿದರೂ ಮೇಷ್ಟ್ರ ಹುಬ್ಬು ಇಳಿಯಲಿಲ್ಲ. "ಲಿಂಕ್ ಒತ್ತಬೇಡಿ ಅನ್ನೋರೂ ಅವರೇ, ಒತ್ತಿ ಅನ್ನೋರೂ ಅವರೇ. ಒಳಗೆ ಇಣುಕಿ ನೋಡಲ್ಲ ಅಂತ ಏನು ಗ್ಯಾರಂಟಿ?"

ಈ ಮಾತನ್ನು ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. 2021ರಲ್ಲಿ ಫೋನಿನೊಳಗೆ ಕದ್ದು ನೋಡುವ ಪೆಗಾಸಸ್ ತಂತ್ರಾಂಶದ ಸುದ್ದಿ ಓದಿದವರು ಅವರು. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ಕಿತ್ತವರ ಕಥೆ ಊರಲ್ಲೆಲ್ಲ ಗೊತ್ತು. ಸರ್ಕಾರದ ಮುದ್ರೆ ಕಂಡರೇ ಜನ ಬೆಚ್ಚುವಾಗ, ಇಂಗ್ಲಿಷಿನ ಎರಡು ಸಾಲು ಕಳಿಸಿ ನಂಬಿ ಅಂದರೆ ಹೇಗೆ? ಅದು ಕನ್ನಡದಲ್ಲಿರಬೇಕಿತ್ತು, ಕೇಳಿದ್ದಕ್ಕೆ ಉತ್ತರ ಕೊಡುವ ಮನುಷ್ಯರೊಬ್ಬರು ಹತ್ತಿರದಲ್ಲಿರಬೇಕಿತ್ತು.

ಲಿಂಕ್ ಒತ್ತದೆ ವಿಳಾಸವನ್ನು ಒಂದೊಂದೇ ಅಕ್ಷರ ಟೈಪ್ ಮಾಡಿದೆ. ಕೊನೆಯಲ್ಲಿದ್ದ, ಸರ್ಕಾರಿ ತಾಣಗಳಿಗಷ್ಟೇ ಸಿಗುವ 'ಗವ್ ಡಾಟ್ ಇನ್' ಮೇಲೆ ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಾಳೆ ಕಂಪ್ಯೂಟರ್ ತರ್ತೀನಿ. ಮುಗಿಯೋವರೆಗೂ ನೀನು ಪಕ್ಕದಲ್ಲೇ ಕೂತಿರಬೇಕು."

"ಆಗಲಿ ಮೇಷ್ಟ್ರೇ" ಅಂದೆ.