ಮೊಲ ಸುಳ್ಳು ಹೇಳಿದ್ದು ತಪ್ಪಾ?

16 ನವೆಂಬರ್ 2024, ಶನಿವಾರ

ಶನಿವಾರ ಬೆಳಗಿನ ಸ್ಕೂಲು. ಊಟ ಮುಗಿಸಿ ಮಕ್ಕಳು ನಮ್ಮೂರ ಪಂಚಾಯ್ತಿ ಲೈಬ್ರರಿಗೆ ಬರುತ್ತಾರೆ, ನಾನೂ ಹೋಗಿ ಕೂರುತ್ತೇನೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಈಗಷ್ಟೇ ಓದಲು ಕಲಿತವರಿಗೆ ಪ್ರಾಣಿ ಕತೆಯನ್ನೇ ಕೊಡುತ್ತೇನೆ. ಹುಲಿ, ನರಿ, ಮೊಲ, ಇಲಿ, ಆಮೆ, ಕಾಗೆ, ಆನೆ, ಕರಡಿ. ಒಂದರಲ್ಲೂ ಒತ್ತಕ್ಷರ ಇಲ್ಲ ನೋಡಿ! ಕಾಗುಣಿತ ಬಂದರೆ ಸಾಕು, ಓದಿಬಿಡುತ್ತಾರೆ. ಬೆಕ್ಕಿನ ಹತ್ತಿರ ಸ್ವಲ್ಪ ತಡವರಿಸುತ್ತಾರೆ, ಅಷ್ಟೇ.

ಕಷ್ಟ ಇರುವುದು ಕೊನೆಯ ಸಾಲಿನಲ್ಲಿ. ದಪ್ಪಕ್ಷರದಲ್ಲಿ ‘ನೀತಿ: ಪ್ರಾಮಾಣಿಕತೆಯೇ ಸರ್ವಶ್ರೇಷ್ಠ ಗುಣ’ ಅಂತಿರುತ್ತದೆ. ಅಷ್ಟು ಹೊತ್ತು ಸಲೀಸಾಗಿ ಓದಿದ ಮಗು ಅಲ್ಲಿ ಸಿಕ್ಕಿಹಾಕಿಕೊಂಡರೆ ಕತೆಯ ರುಚಿಯೆಲ್ಲ ಹೋಯಿತು. ನಾನು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಬಿಡುತ್ತೇನೆ.

ಇವತ್ತು ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಸಿಂಹ-ಮೊಲದ ಕತೆ ಹಿಡಿದಿದ್ದಳು. ದಾರಿಯಲ್ಲಿ ಇನ್ನೊಂದು ಸಿಂಹ ಅಡ್ಡ ಹಾಕಿತು, ಅದಕ್ಕೇ ತಡವಾಯಿತು ಅಂತ ಮೊಲ ಹೇಳುತ್ತದಲ್ಲ, ಅಲ್ಲಿಗೆ ಬಂದವಳು ಬೆರಳು ಎತ್ತಲಿಲ್ಲ, ತಲೆ ಎತ್ತಿದಳು.

“ಆಂಟಿ, ಮೊಲ ಸುಳ್ಳು ಹೇಳ್ತಲ್ವಾ? ಸುಳ್ಳು ಹೇಳ್ಬಾರ್ದು ಅಂತ ಟೀಚರ್ ಹೇಳಿದ್ರು.”

ಪಕ್ಕದ ಹುಡುಗ ತಕ್ಷಣ, “ಹೇಳ್ಲಿಲ್ಲ ಅಂದ್ರೆ ಸಿಂಹ ತಿಂದ್ಬಿಡ್ತಿತ್ತು ಕಣೇ!”

ಇಬ್ಬರೂ ಹೇಳಿದ್ದು ಸರಿ. ಪಂಚತಂತ್ರ ಹುಟ್ಟಿದ್ದು ಮಕ್ಕಳಿಗೆ ಸತ್ಯ ಕಲಿಸುವುದಕ್ಕಲ್ಲ, ರಾಜಕುಮಾರರಿಗೆ ಲೋಕದ ವ್ಯವಹಾರ ಕಲಿಸುವುದಕ್ಕೆ. 11ನೇ ಶತಮಾನದಲ್ಲಿ ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿ. ಯುದ್ಧ, ಒಪ್ಪಂದ ನೋಡಿಕೊಳ್ಳುವ ಕೆಲಸ. ಅವನ ಕೈಗೆ ಈ ಕತೆಗಳು ಒಗ್ಗಿದ್ದು ಸುಮ್ನೆ ಅಲ್ಲ. ಅಲ್ಲಿ ಮೊಲ, ಮಂಗ ಎಲ್ಲ ಬುದ್ಧಿ ಓಡಿಸಿಯೇ ಬದುಕಬೇಕು. ಅದಕ್ಕೆ ‘ಸುಳ್ಳು ಹೇಳಬಾರದು’ ಅಂತ ಚೀಟಿ ಅಂಟಿಸಿದರೆ ಮಕ್ಕಳಿಗೆ ಗೊಂದಲ ಆಗದೆ ಇನ್ನೇನು?

ಸತ್ಯದ ಕತೆ ಬೇಕಿದ್ದರೆ ನಮ್ಮಲ್ಲಿ ಪುಣ್ಯಕೋಟಿ ಇದ್ದಾಳೆ. ದೊಡ್ಡಿಗೆ ಬಂದು ಕರುವಿಗೆ ಹಾಲು ಕೊಟ್ಟಾಯಿತು. ಅಲ್ಲೇ ಉಳಿದಿದ್ದರೆ ಯಾರೇನು ಮಾಡುತ್ತಿದ್ದರು? ಆದರೂ ಹೊರಟಳು. ಮೊಲಕ್ಕೂ ಅವಳಿಗೂ ಎಲ್ಲಿ ವ್ಯತ್ಯಾಸ ಅಂತ ಮನೆಗೆ ಬರುವಾಗ ಯೋಚಿಸಿದೆ. ಹುಲಿ ಅವಳ ಮಾತು ನಂಬಿ ಕಳಿಸಿತ್ತು. ಸಿಂಹ ಯಾರನ್ನೂ ನಂಬಿರಲಿಲ್ಲ, ದಿನಕ್ಕೊಂದು ಪ್ರಾಣಿ ಬೇಕು ಅಂತ ಹೆದರಿಸಿತ್ತು. ಮಕ್ಕಳಿಗೆ ಇದನ್ನು ಹೇಳಲು ಹೋಗುವುದಿಲ್ಲ. ಎರಡೂ ಕತೆ ಓದಲಿ, ಜಗಳ ಆಡಲಿ.

ಒಳ್ಳೆಯ ನಡತೆಯ ಕತೆಗಳದ್ದು ಇನ್ನೂ ಕಷ್ಟ. ಎಲ್ಲರಿಗೂ ನಮಸ್ಕಾರ ಹೇಳುತ್ತಾ ತಿರುಗುವ ಮೊಲದ ಮರಿ ಯಾವ ಮಗುವಿಗೂ ಬೇಡ. ಕಾಗಕ್ಕ ಗುಬ್ಬಕ್ಕ ತೆಗೆದರೆ ಮಾತ್ರ ಎಲ್ಲರೂ ಹತ್ತಿರ ಬಂದು ಕೂರುತ್ತಾರೆ. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ ಹೋಯಿತು. ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. “ತಾಳು, ಮಗುಗೆ ಎಣ್ಣೆ ಹಚ್ತಿದ್ದೀನಿ.” ಮತ್ತೆ ತಟ್ಟುತ್ತಾಳೆ. “ತಾಳು, ಮಗುಗೆ ನೀರು ಹಾಕ್ತಿದ್ದೀನಿ.” ಅದೇ ಸಾಲು ತಿರುತಿರುಗಿ ಬರುವುದರಿಂದ ಮೂರನೇ ಸಲಕ್ಕೆ ಪುಸ್ತಕವನ್ನೇ ನೋಡದೆ ‘ಓದುತ್ತಾರೆ’. ಅದೂ ಓದೇ ಅನ್ನಿ.

ಇವತ್ತು ಗುಬ್ಬಕ್ಕನಿಗೆ ಚೆನ್ನಾಗಿ ಬೈಗುಳ ಬಿತ್ತು. “ನಮ್ಮಜ್ಜಿ ಆಗಿದ್ರೆ ಮೊದ್ಲು ಒಳಗೆ ಕರೆದು ಟವಲ್ ಕೊಡ್ತಿದ್ರು” ಅಂದ ಅದೇ ಹುಡುಗ. ಹುಡುಗಿ ಮಾತ್ರ ಒಪ್ಪಲಿಲ್ಲ. ಅವಳ ಮನೆಯಲ್ಲಿ ಆರು ತಿಂಗಳ ತಮ್ಮ ಇದ್ದಾನೆ.

“ಎಣ್ಣೆ ಹಚ್ಚಿದ ಪಾಪು ಜಾರುತ್ತೆ ಗೊತ್ತಾ? ಬಿಟ್ಟು ಹೆಂಗೆ ಏಳ್ತಾಳೆ?”