ಮಾಗಡಿ ಕೆರೆಯ ಹೆಬ್ಬಾತು ನೋಡಲು ಹೋಗುವವರಿಗೆ

ಮೊದಲೇ ಒಂದು ಮಾತು. ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಮಾಗಡಿ. ಮೊಬೈಲ್ ಮ್ಯಾಪಿನಲ್ಲಿ ಬರೀ ಮಾಗಡಿ ಅಂತ ಹುಡುಕಿದರೆ ನಾನೂರು ಕಿಲೋಮೀಟರ್ ಆಚೆಯ ಊರು ಸಿಗಬಹುದು. ಜೊತೆಗೆ ಶಿರಹಟ್ಟಿ ಅಂತಲೂ ಸೇರಿಸಿ.

ಪಟ್ಟೆತಲೆ ಹೆಬ್ಬಾತನ್ನು ನಾನು ಮೊದಲು ನೋಡಿದ್ದು ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ. ಬಿಳಿ ತಲೆ, ಹಿಂದಲೆಯ ಮೇಲೆ ಎರಡು ಕಪ್ಪು ಪಟ್ಟೆ. ಗುಂಪಿನಲ್ಲಿ ಒಂದರ ಕೊರಳಿಗೆ ಹಸಿರು ಪಟ್ಟಿ ಇತ್ತು, ಅದರ ಮೇಲೆ ಬಿಳಿ ಅಕ್ಷರ. ಜೊತೆಗಿದ್ದ ಗೆಳೆಯ, ‘ಅದು ಮಂಗೋಲಿಯಾದಲ್ಲಿ ಹಾಕಿದ್ದು’ ಅಂದ. ನಮ್ಮೂರ ಕೆರೆಯಲ್ಲಿ ಕೂತ ಹಕ್ಕಿಯನ್ನು ಅಷ್ಟು ದೂರದಲ್ಲಿ ಯಾರೋ ಕೈಯಲ್ಲಿ ಹಿಡಿದಿದ್ದರು ಅನ್ನೋದು ತಲೆಯಿಂದ ಹೋಗಲೇ ಇಲ್ಲ. ಮುಂದಿನ ಚಳಿಗಾಲಕ್ಕೆ ಮಾಗಡಿಗೆ ಹೊರಟೆ. ಕರ್ನಾಟಕದಲ್ಲಿ ಈ ಹೆಬ್ಬಾತನ್ನು ದೊಡ್ಡ ಗುಂಪಿನಲ್ಲಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಚಳಿಗಾಲದಲ್ಲಿ ಅಲ್ಲಿಗೆ ಸುಮಾರು 8,000 ಹೆಬ್ಬಾತು ಬರುತ್ತವೆ ಅಂತ ಲೆಕ್ಕ ಇದೆ. ಕೆರೆ ಇರುವುದು ಹೆಚ್ಚುಕಡಿಮೆ 50 ಹೆಕ್ಟೇರ್ ಅಷ್ಟೇ. ನೀರಾವರಿಗೆಂದು ಜನ ಕಟ್ಟಿದ ಕೆರೆ. ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು.

ಹೋಗುವ ದಾರಿ ಸುಲಭ. ಗದಗದವರೆಗೆ ರೈಲು. ಅಲ್ಲಿಂದ ಸುಮಾರು 25 ಕಿಲೋಮೀಟರ್. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬಸ್ಸುಗಳಿವೆ. ಆದರೆ ನಸುಕಿನಲ್ಲೇ ಕೆರೆ ತಲುಪಬೇಕೆಂದರೆ ಬಸ್ಸು ನಂಬಬೇಡಿ, ಹಿಂದಿನ ಸಂಜೆಯೇ ಬಾಡಿಗೆ ಗಾಡಿಯವರ ಜೊತೆ ಮಾತಾಡಿಟ್ಟುಕೊಳ್ಳಿ. ಗದಗದಲ್ಲಿ ಉಳಿದರೆ ಊಟ, ರೂಮು ಎರಡಕ್ಕೂ ತೊಂದರೆ ಇಲ್ಲ. ಹೆಬ್ಬಾತು ನವೆಂಬರ್ ಹೊತ್ತಿಗೆ ಬಂದು ಮಾರ್ಚ್‌ನಲ್ಲಿ ಹೊರಡುತ್ತವೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಹೊರಡುವ ಮೊದಲು ಆ ವರ್ಷ ಕೆರೆಗೆ ನೀರು ಬಂದಿದೆಯಾ ಅಂತ ಊರಿನವರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಮಳೆ ಕೈಕೊಟ್ಟು ಕೆರೆ ಬತ್ತಿದರೆ ಹಕ್ಕಿ ಬೇರೆ ನೀರು ಹುಡುಕಿಕೊಂಡು ಹೋಗುತ್ತವೆ.

ಈಗ ಮುಖ್ಯ ವಿಷಯ. ಹಕ್ಕಿ ನೋಡುವವರಿಗೆ ಎಲ್ಲರೂ ಹೇಳೋದು ಒಂದೇ, ಬೆಳಕು ಹರಿಯುವ ಮೊದಲು ಹೋಗಿ ಅಂತ. ನಾನೂ ಹಾಗೇ ಹೋದೆ. ಸೂರ್ಯ ಹುಟ್ಟಿದಾಗ ಕೆರೆಯಲ್ಲಿ ಬೆಳ್ಳಕ್ಕಿ, ನಾಮದ ಕೋಳಿ, ಒಂದಷ್ಟು ಬಾತುಗಳು. ಹೆಬ್ಬಾತು ಬೆರಳೆಣಿಕೆಯಷ್ಟು. ಎದೆ ಧಸಕ್ ಎಂದಿತು. ಎತ್ತು ಹೊಡೆದುಕೊಂಡು ಹೊರಟಿದ್ದ ಯಜಮಾನರೊಬ್ಬರನ್ನು ಕೇಳಿದೆ. ‘ಈಗ ಎಲ್ಲಿ ಸಿಗ್ತಾವ್ರೀ? ಹೊಲದಾಗ ಅದಾವ. ಬಿಸಲು ಏರಲಿ, ತಾವಾಗೇ ಕೆರಿಗೆ ಬರ್ತಾವ’ ಅಂದರು.

ಅವರು ಹೇಳಿದಂತೆಯೇ ಆಯಿತು. ಬಿಸಿಲು ಚುರುಕಾಗುವ ಹೊತ್ತಿಗೆ ಮೊದಲು ದನಿ ಕೇಳಿತು. ಮೂಗಿನಿಂದ ಹೊರಡುವಂಥ ಹಾಂಕ್ ಹಾಂಕ್ ಸದ್ದು. ಆಮೇಲೆ ಸಾಲು ಕಂಡಿತು. ಇಪ್ಪತ್ತು, ನಲವತ್ತು, ಹಿಂದೆಯೇ ಇನ್ನೊಂದು ಗುಂಪು. ಒಂದು ತಾಸಿನಲ್ಲಿ ನಡುನೀರೆಲ್ಲ ಬೂದು ಬಣ್ಣಕ್ಕೆ ತಿರುಗಿತು.

ಈ ಹಕ್ಕಿಗೆ ಕೆರೆ ಹಾಸಿಗೆ ಇದ್ದ ಹಾಗೆ, ಹೊಲ ಅಡುಗೆಮನೆ. ಸಂಜೆ ಎದ್ದು ಸುತ್ತಲಿನ ಎರೆ ಹೊಲಗಳಿಗೆ ಹೋಗಿ ರಾತ್ರಿ, ನಸುಕಿನಲ್ಲಿ ಮೇಯುತ್ತವೆ. ಕಡಲೆಯ ಎಳೆ ಕುಡಿ, ಹೊಲದಲ್ಲಿ ಉಳಿದ ಶೇಂಗಾ, ಹುಲ್ಲು, ಕಾಳು. ಹಗಲಿನಲ್ಲಿ ನೀರಿಗೆ ಬಂದು ಮಲಗುತ್ತವೆ. ಸುತ್ತ ನೀರಿದ್ದರೆ ನಾಯಿ, ನರಿಯ ಭಯ ಕಡಿಮೆ. ಹಾಗಾಗಿ ಬರೀ ಕೆರೆ ಉಳಿಸಿದರೆ ಹೆಬ್ಬಾತು ಉಳಿಯಲ್ಲ. ಸುತ್ತಲಿನ ಹಿಂಗಾರು ಹೊಲವೂ ಬೇಕು. ಆ ಹೊಲದ ರೈತರ ಸಹನೆಯೂ ಬೇಕು, ಅಲ್ವಾ? ‘ಒಂದೀಟು ಕಡ್ಲಿ ತಿಂತಾವ. ಅವುಗಳ ಹಿಕ್ಕಿ ಗೊಬ್ಬರ ಆಕ್ಕೇತಿ ಬಿಡ್ರಿ’ ಅಂದರು ಅದೇ ಯಜಮಾನರು. ಎಲ್ಲ ರೈತರೂ ಹೀಗೆ ಹೇಳಬೇಕು ಅಂತ ನಾವು ಬಯಸುವುದು ನ್ಯಾಯವಲ್ಲ. ಬೆಳೆ ಕಳೆದುಕೊಳ್ಳುವವರು ಅವರು.

ಹೊಲದಲ್ಲಿ ಮೇಯುವುದನ್ನು ನೋಡುವ ಆಸೆ ಆಗೇ ಆಗುತ್ತೆ. ರಸ್ತೆಯಲ್ಲೇ ನಿಂತು ನೋಡಿ. ಬದು ದಾಟಬೇಡಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಎರಡನೇ ದಿನ ಒಳ್ಳೆಯ ಫೋಟೋಗೆಂದು ಹತ್ತು ಹೆಜ್ಜೆ ಮುಂದೆ ಹೋದೆ. ಇಡೀ ಗುಂಪು ಎದ್ದು ಹೋಯಿತು. ಎರಡು, ಮೂರು ಕಿಲೋ ತೂಗುವ ಹಕ್ಕಿ ನೆಲದಿಂದ ಏಳುವುದಕ್ಕೆ ಎಷ್ಟು ಶಕ್ತಿ ಸುಡಬೇಕು ಅಂತ ಆಮೇಲೆ ಯೋಚಿಸಿ ತುಂಬ ಬೇಜಾರಾಯಿತು. ಚಳಿಗಾಲ ಪೂರ್ತಿ ಅವು ಕೂಡಿಡುವ ಕೊಬ್ಬು ಹಿಮಾಲಯ ದಾಟಲು ಬೇಕು.

ಆ ದಾಟುವಿಕೆಯ ಬಗ್ಗೆ ತಿಳಿದುಕೊಂಡು ಹೋದರೆ ಕೆರೆಯ ದಂಡೆಯಲ್ಲಿ ಕೂತ ಮಧ್ಯಾಹ್ನ ಬೇರೆಯೇ ಆಗುತ್ತದೆ. ಈ ಹಕ್ಕಿ ಎವರೆಸ್ಟ್ ಮೇಲೆ ನೆಟ್ಟಗೆ ಹಾರಿಹೋಗುತ್ತೆ ಅಂತ ಬಹಳ ಜನ ಹೇಳುತ್ತಾರೆ. ವಿಜ್ಞಾನಿಗಳು ಹಕ್ಕಿಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಸಿಕ್ಕಿದ್ದು ಬೇರೆ ಚಿತ್ರ. ಹೆಚ್ಚಿನವು ಕಣಿವೆ, ಕಣಿವೆದಾರಿ ಹುಡುಕಿಕೊಂಡು ಹೋಗುತ್ತವೆ. ದಾಖಲಾದ ಅತಿ ಎತ್ತರ 7,290 ಮೀಟರ್. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹಕ್ಕಿಯ ಮೈಯೊಳಗೇ ಪುಟ್ಟ ಉಪಕರಣ ಇಟ್ಟು ಎದೆಬಡಿತ, ರೆಕ್ಕೆಬಡಿತ ಅಳೆದರು. ಹೆಬ್ಬಾತು ಒಂದೇ ಎತ್ತರ ಹಿಡಿದು ಹಾರುವುದಿಲ್ಲ. ಗುಡ್ಡ ಏರಿದರೆ ಏರುತ್ತೆ, ತಗ್ಗು ಬಂದರೆ ಇಳಿಯುತ್ತೆ. ಮೇಲೆ ಗಾಳಿ ತೆಳು, ರೆಕ್ಕೆ ಬಡಿಯೋದು ಕಷ್ಟ. ಇಳಿದು ಮತ್ತೆ ಏರಿದರೂ ಒಟ್ಟು ಖರ್ಚು ಕಡಿಮೆಯಂತೆ. ನಮ್ಮ ಕಣ್ಣೆದುರು ಕೊಕ್ಕನ್ನು ರೆಕ್ಕೆಯಲ್ಲಿ ಹುದುಗಿಸಿ ನಿದ್ದೆ ಮಾಡುವ ಹಕ್ಕಿ ಇಷ್ಟೆಲ್ಲ ಮಾಡಿ ಬಂದಿದೆ.

ಕೊರಳಪಟ್ಟಿ ಹುಡುಕುವವರು ಬೈನಾಕ್ಯುಲರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅಕ್ಷರ ಓದಲು ಸ್ಪಾಟಿಂಗ್ ಸ್ಕೋಪ್, ಅಂದರೆ ದೂರದ್ದನ್ನು ಇನ್ನೂ ದೊಡ್ಡದಾಗಿ ತೋರಿಸುವ ದುರ್ಬೀನು ಬೇಕು, ಟ್ರೈಪಾಡ್ ಸಮೇತ. ಹಕ್ಕಿ ಮಲಗಿದ್ದಾಗ ಕೊರಳು ಕಾಣಲ್ಲ. ಹೊಲದಿಂದ ಬಂದಿಳಿದ ಮೊದಲ ಅರ್ಧ ಗಂಟೆ ಸರಿಯಾದ ಹೊತ್ತು, ಆಗ ನೀರು ಕುಡಿಯುತ್ತಾ ಗರಿ ತಿದ್ದಿಕೊಳ್ಳುತ್ತಾ ಇರುತ್ತವೆ. ಬಿಸಿಲು ನಿಮ್ಮ ಬೆನ್ನಿಗೆ ಬೀಳುವಂತೆ ನಿಲ್ಲಿ. ತಡವಾದರೆ ನೀರ ಮೇಲಿನ ಬಿಸಿಗಾಳಿಗೆ ಅಕ್ಷರ ಕದಲಿದ ಹಾಗೆ ಕಾಣುತ್ತೆ. ಪಟ್ಟಿಯ ಬಣ್ಣ, ಅಕ್ಷರಗಳ ಬಣ್ಣ, ಅವು ಇರುವ ಕ್ರಮ, ದಿನ, ಹೊತ್ತು ಬರೆದುಕೊಳ್ಳಿ. ಅರ್ಧ ಓದಿದ್ದರೆ ಅರ್ಧ ಅಂತಲೇ ಬರೆಯಿರಿ, ಊಹೆ ಸೇರಿಸಬೇಡಿ. ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಬಹುದು. ಹಕ್ಕಿಗೆ ಉಂಗುರ ತೊಡಿಸುವ ಕೆಲಸದಲ್ಲಿ ಅವರದು ದಶಕಗಳ ಅನುಭವ.

ಎಣಿಸುವುದನ್ನೂ ಕಲಿಯಿರಿ. ಮೊದಲು ಹತ್ತು ಹಕ್ಕಿ ಎಣಿಸಿ ಅಷ್ಟು ಜಾಗ ಕಣ್ಣಿಗೆ ಹಿಡಿದುಕೊಳ್ಳಿ. ಅದರಿಂದ ನೂರು, ನೂರರಿಂದ ಸಾವಿರ. ಇಬ್ಬರಿದ್ದರೆ ಬೇರೆ ಬೇರೆ ಎಣಿಸಿ ಆಮೇಲೆ ಹೋಲಿಸಿ. ನಮ್ಮ ಮೊದಲ ಎಣಿಕೆಯಲ್ಲಿ ಮುನ್ನೂರರ ವ್ಯತ್ಯಾಸ ಇತ್ತು. ಈ ಲೆಕ್ಕವನ್ನು ಹಕ್ಕಿ ದಾಖಲೆ ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಹಾಕಿ. ಜನವರಿಯಲ್ಲಿ ಹೋಗುವುದಾದರೆ ಏಷ್ಯಾದ ನೀರುಹಕ್ಕಿ ಗಣತಿಗೂ ಸೇರಿಕೊಳ್ಳಬಹುದು, 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಹಕ್ಕಿ ಕಾಣದ ದಿನದ ದಾಖಲೆಗೂ ಬೆಲೆ ಇದೆ, ಅದನ್ನೂ ಹಾಕಿ.

ಮಧ್ಯಾಹ್ನ ಹೆಬ್ಬಾತು ಮಲಗಿರುವಾಗ ಲಕ್ಷ್ಮೇಶ್ವರಕ್ಕೆ ಹೋಗಿಬನ್ನಿ, ಹತ್ತಿರವೇ. ಹಳೆಯ ಹೆಸರು ಪುಲಿಗೆರೆ. ಸೋಮೇಶ್ವರ ಗುಡಿ ಚೆನ್ನಾಗಿದೆ. ಬಿಸಿಲಿಗೆ ಟೋಪಿ, ನೀರು ಇರಲಿ. ದಂಡೆಯಲ್ಲಿ ನೆರಳು ಕಡಿಮೆ. ಡ್ರೋನ್ ಬೇಡವೇ ಬೇಡ.

ಆದರೆ ಹೊತ್ತು ಮುಳುಗುವ ಮುಂಚೆ ಕೆರೆಗೆ ವಾಪಸ್ ಬಂದುಬಿಡಿ. ಮೊದಲು ಒಂದೆರಡು ಹಕ್ಕಿ ಕತ್ತು ಎತ್ತಿ ಕೂಗುತ್ತವೆ. ಉತ್ತರ ಬರುತ್ತೆ. ಗದ್ದಲ ಏರುತ್ತಾ ಹೋಗಿ ಒಂದು ಗುಂಪು ಎದ್ದು ತಲೆಯ ಮೇಲೇ ಹೊಲದ ಕಡೆ ಹೊರಡುತ್ತೆ. ಎದ್ದ ಹೊತ್ತು, ಹೋದ ದಿಕ್ಕು, ಗುಂಪಿನ ಸಂಖ್ಯೆ ಬರೆದುಕೊಳ್ಳಿ. ನನ್ನ ಪುಸ್ತಕದಲ್ಲಿ ಹದಿನಾಲ್ಕು ಗುಂಪು ಇದೆ. ಹದಿನೈದನೆಯದು ಹೋದಾಗ ಬರೆಯಲು ಬೆಳಕಿರಲಿಲ್ಲ. ರೆಕ್ಕೆಯ ಸದ್ದು ಮಾತ್ರ ಕೇಳಿತು.